ಯಾರೂ ಔಟ್ ಆಗದ ಆಟ: ನಮ್ಮ ಅಂಗನವಾಡಿ ಕೋಣೆಯ ಲೆಕ್ಕ

ಇಷ್ಟು ಸಣ್ಣ ಕೋಣೆಯಲ್ಲಿ ಓಡುವ ಆಟ ಆಡಿಸಿದರೆ ಮಕ್ಕಳು ತಲೆ ಒಡೆದುಕೊಳ್ಳುತ್ತಾರೆ ಅಂತ ನಮ್ಮ ವೃತ್ತದ ಅಂಗನವಾಡಿ ಕಾರ್ಯಕರ್ತೆಯರ ಸಭೆಯಲ್ಲಿ ನಕ್ಕವರೇ ಈಗ ಅಳತೆ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಊರು ಚಿತ್ರದುರ್ಗ, ಕೋಣೆ ಸುಮಾರು 15ಕ್ಕೆ 18 ಅಡಿ, ಟೈಲ್ಸ್ ನೆಲ, ಮಕ್ಕಳು ಇಪ್ಪತ್ತು ಚಿಲ್ಲರೆ.

ಕೆರೆ-ದಡ, ಕುರ್ಚಿ ಆಟಗಳ ಕಥೆ ನಿಮಗೆ ಗೊತ್ತಿದ್ದದ್ದೇ. ಮೊದಲು ಔಟ್ ಆಗೋದು ಮೂರು ವರ್ಷದ ಮಗು. ಆಮೇಲೆ ಅದು ಮೂಲೆಯಲ್ಲಿ ಕೂತು ಗೋಡೆ ಸುಣ್ಣ ಕೆರೆಯುತ್ತೆ. ಹಾಗಾಗಿ ಔಟ್ ಅನ್ನೋದನ್ನೇ ತೆಗೆದೆ. ಕೆರೆ-ದಡದಲ್ಲಿ ತಪ್ಪಿದವರು ಮೂರು ಕಪ್ಪೆ ಜಿಗಿತ ಹಾಕಿ ಮತ್ತೆ ಒಳಗೆ ಬರಬೇಕು, ಅಷ್ಟೆ. ಕೆಲವು ಮಕ್ಕಳು ಜಿಗಿಯೋ ಆಸೆಗೆ ಬೇಕಂತಲೇ ತಪ್ಪುತ್ತವೆ. ತಪ್ಪಲಿ ಬಿಡಿ.

ಮುಖ್ಯ ಆಟ ಗೋಡೆ ಸುತ್ತ ಹಾಕಿದ ಒಂದು ಸುತ್ತುದಾರಿ. ಬುಟ್ಟಿಯಿಂದ ಬೀಜದ ಚೀಲ ಎತ್ತಿಕೊಂಡು ಆರು ಟೈರು ದಾಟಬೇಕು, ಕಿಂಡಿಯಲ್ಲಿ ತೆವಳಬೇಕು, ಹತ್ತು ಅಡಿ ಹಗ್ಗದ ಮೇಲೆ ಚೀಲ ತಲೆಗಿಟ್ಟು ನಡೆಯಬೇಕು, ನಾಲ್ಕು ಅಡಿ ದೂರದ ಬಕೆಟ್‌ಗೆ ಎಸೆಯಬೇಕು. ಟೈರಿನಲ್ಲಿ ಮೂರು ವರ್ಷದವರು ಕಾಲಿಟ್ಟು ನಡೆದರೆ ಸಾಕು, ನಾಲ್ಕರವರು ಜೋಡಿ ಕಾಲಲ್ಲಿ ಜಿಗಿಯಲಿ, ಐದರವರು ಕುಂಟಲಿ. ಮುಂದೆ ಹೋದ ಮಗು ಮೂರನೇ ಟೈರು ಮುಟ್ಟಿದಾಗ ಅದರ ಹಿಂದಿನದನ್ನು ದಾರಿಗೆ ಬಿಡಿ. ಒಂದೇ ಬಕೆಟ್ ಇಟ್ಟರೆ ಅಲ್ಲಿ ಗುಂಪುಗಟ್ಟಿ ಇಡೀ ದಾರಿ ನಿಂತುಬಿಡುತ್ತೆ. ಎರಡು ಇಡಿ. ಚೀಲಗಳನ್ನು ಬುಟ್ಟಿಗೆ ವಾಪಸ್ ಸುರಿಯೋದು ಸಹಾಯಕಿಯವರ ಕೆಲಸ.

ಕಿಂಡಿಗೆ ಮೊದಲು ಫ್ರಿಜ್ಜಿನ ರಟ್ಟಿನ ಡಬ್ಬ ಇಟ್ಟಿದ್ದೆ, ವಾರ ಬಾಳಲಿಲ್ಲ. ಆಮೇಲೆ ಹಾಕಿದ ಗೋಣಿಚೀಲದ ನಾರಿಗೆ ಸೀನು, ತುರಿಕೆ. ಈಗ ಎರಡು ಬೆಂಚಿನ ಮಧ್ಯೆ ಹಳೇ ಕಾಟನ್ ಸೀರೆ ಬಿಗಿದಿದೆ. ಉದ್ದ ನಾಲ್ಕು ಅಡಿ ಮೀರಬಾರದು, ಆಚೆ ಕಡೆ ಬೆಳಕು ಕಾಣಬೇಕು. ಇಲ್ಲದಿದ್ದರೆ ಚಿಕ್ಕದೊಂದು ನಡುವೆ ಹೆದರಿ ನಿಲ್ಲುತ್ತೆ, ಹಿಂದಿನವರು ಅದರ ಮೇಲೇ ಏರುತ್ತಾರೆ. ಅದಕ್ಕೆ ಓಬವ್ವನ ಕಿಂಡಿ ಅಂತ ಹೆಸರಿಟ್ಟ ದಿನವೇ ಐದು ವರ್ಷದವನೊಬ್ಬ ಪೇಪರ್ ಸುತ್ತಿ ಒನಕೆ ಮಾಡಿಕೊಂಡು ಆಚೆ ಬಾಯಲ್ಲಿ ಕಾದು ಕೂತ. ಹೊರಗೆ ಬಂದ ತಲೆಗೆಲ್ಲ ಏಟು! ಹೆಸರು ಉಳಿಸಿಕೊಂಡು ಪೇಪರನ್ನು ಕಪಾಟಿಗೆ ಹಾಕಿ ಬೀಗ ಹಾಕಿದೆ.

ದುಡ್ಡು ಹಾಳಾದದ್ದು ಫೋಮ್ ಮ್ಯಾಟಿಗೆ, ಸಾವಿರದ ಇನ್ನೂರೋ ಏನೋ. ಮೂಲೆಗಳನ್ನು ಕಚ್ಚಿ ತುಂಡು ಮಾಡಿದರು, ಟೈಲ್ಸ್ ಮೇಲೆ ಅದು ಜಾರುತ್ತಿತ್ತು ಬೇರೆ. ಈಗ ಬರಿಗಾಲು, ಒಣ ನೆಲ, ಸಾಕು. ನೈಲಾನ್ ಹಗ್ಗವೂ ಪಾದದಡಿ ಉರುಳುತ್ತೆ, ನೂಲಿನದೇ ತನ್ನಿ. ಸೈಕಲ್ ಅಂಗಡಿಯ ಹಳೇ ಟೈರು ಒಂದಕ್ಕೆ ಹತ್ತೋ ಹದಿನೈದೋ ರೂಪಾಯಿ. ಅಂಚಿನ ತಂತಿ ಹೊರಬಂದಿದೆಯಾ ಅಂತ ಬೆರಳಾಡಿಸಿ ನೋಡಿ, ದರ್ಜಿ ಅಂಗಡಿಯ ಚಿಂದಿ ಸುತ್ತಿ. ಆ ಮ್ಯಾಟ್ ಬಿಟ್ಟು ಎಲ್ಲಾ ಸೇರಿ ಆರೇಳು ನೂರು. ರೆಡಿಮೇಡ್ ಸೆಟ್ಟಿಗೆ ನಾಲ್ಕು ಸಾವಿರ ಹೇಳಿದ್ದರು.

ಚೀಲಕ್ಕೆ ಏನು ತುಂಬೋದು ಅನ್ನೋದೇ ಒಂದು ಸಂಶೋಧನೆ ಆಯಿತು. ಶೇಂಗಾ ಸಿಪ್ಪೆ ಹಗುರ, ಎಸೆದರೆ ಅರ್ಧದಲ್ಲೇ ಬೀಳುತ್ತೆ. ಮೆಕ್ಕೆಜೋಳಕ್ಕೆ ಹುಳ, ಆಮೇಲೆ ಇಲಿ. ಮರಳು ಸೋರುತ್ತೆ. ಹುರಿದ ಹುಣಸೆಬೀಜ ನಿಂತಿತು: ನಾಲ್ಕಿಂಚು ಚೌಕ, ಸುಮಾರು ನೂರು ಗ್ರಾಂ. ಹೊಲಿಗೆ ಬಿಟ್ಟರೆ ಬೀಜ ಮೂಗಿಗೋ ಬಾಯಿಗೋ ಹೋಗೋದು ಗ್ಯಾರಂಟಿ. ಒಳಗೊಂದು ಹೊರಗೊಂದು ಚೀಲ, ಎರಡೂ ಡಬಲ್ ಹೊಲಿಗೆ, ಪ್ರತಿ ಸೋಮವಾರ ಎಳೆದು ನೋಡಬೇಕು.

ಆಡಿಸೋದು ಊಟಕ್ಕೆ ಮುಂಚೆ, ಎಂಟು ನಿಮಿಷ, ನೀರು, ಮತ್ತೆ ಎಂಟು ನಿಮಿಷ. ಊಟದ ಮೇಲೆ ಆಡಿಸಿದರೆ ತಿಂದ ಮೊಟ್ಟೆ ನೆಲದ ಮೇಲೆ. ನಿಲ್ಲಿಸೋಕೆ ತಟ್ಟೆ ಬಡಿದು ‘ಬಂಡೆ!’ ಅಂತೀನಿ, ಎಲ್ಲರೂ ಕೋಟೆ ಬಂಡೆಗಳಾಗಿ ಕುಕ್ಕರಿಸಬೇಕು. ಅಳೋ ಹೊಸ ಮಗುವನ್ನು ದಾರಿಗೆ ಇಳಿಸೋ ಉಪಾಯ ಬೇರೆ ಇದೆ, ಅದು ಬೇಕಾದವರು ಬಂದು ನೋಡಿ.

‘ಆಟ ಮನೇಲಿ ಆಡ್ತಾರೆ, ಅಆಇಈ ಕಲಿಸ್ರಿ’ ಅನ್ನುವ ತಾಯಂದಿರಿಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ತೋರಿಸಿ: 3–4 ವರ್ಷದವರಿಗೆ ದಿನಕ್ಕೆ 180 ನಿಮಿಷ ಮೈ ಆಡಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರೋ ಹಾಗೆ.

ಟೈರನ್ನು ಹೊರಗೆ ಬಿಡಬೇಡಿ. ಮಳೆ ನೀರು ನಿಂತು ಸೊಳ್ಳೆ ಮರಿಯಾಗುತ್ತೆ. ನಮ್ಮಲ್ಲಿ ಬಾಗಿಲ ಹಿಂದೆ ಮೊಳೆಗೆ ನೇತುಹಾಕುತ್ತೇವೆ.