ಆಟಿಸಂ ಇರುವ ಹದಿಹರೆಯದ ಮಕ್ಕಳ ಜೊತೆ ಪ್ರವಾಸ ಹೊರಡುವುದು ಹೇಗೆ?

ಆಟಿಸಂ ಇರುವ ಮಕ್ಕಳ ಮನೆಯಲ್ಲಿ ಮಗು ಬೆಳೆದಂತೆ ಪ್ರವಾಸ ಕಡಿಮೆಯಾಗುತ್ತಾ ಹೋಗುತ್ತದೆ. ಐದು ವರ್ಷದವನು ಬಸ್‌ಸ್ಟ್ಯಾಂಡಿನಲ್ಲಿ ಕಿವಿ ಮುಚ್ಚಿಕೊಂಡು ಕಿರುಚಿದರೆ ಎತ್ತಿಕೊಂಡು ಹೊರಗೆ ಬರಬಹುದು. ಹದಿನೈದರವನು ಅಪ್ಪನಷ್ಟೇ ಎತ್ತರ ಇರುತ್ತಾನೆ, ಮೀಸೆ ಚಿಗುರಿರುತ್ತದೆ. ಜನ ನೋಡುವ ರೀತಿಯೂ ಬೇರೆಯಾಗುತ್ತದೆ. ಹಾಗಾಗಿ ಮದುವೆಗೆ ಅಪ್ಪ ಒಬ್ಬರೇ ಹೋಗಿಬರುತ್ತಾರೆ, ಅಮ್ಮ ಮಗ ಮನೆಯಲ್ಲೇ ಉಳಿಯುತ್ತಾರೆ. ನಾನೂ ಕೊಪ್ಪಳದಲ್ಲಿ ಇಂಥ ಒಬ್ಬ ಹುಡುಗನ ತಾಯಿ. ಈ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗಬೇಕಾಗಿಲ್ಲ ಅಂತ ಗಟ್ಟಿಯಾಗಿ ನಂಬಿದ್ದೇನೆ. ಮುಂದೇನು ಅಂತ ಗೊತ್ತಿಲ್ಲದಿದ್ದಾಗಲೇ ಅವರಿಗೆ ಜಾಸ್ತಿ ಕಷ್ಟ. ಅದನ್ನು ಮೊದಲೇ ಎಷ್ಟು ಗೊತ್ತು ಮಾಡಿಸುತ್ತೀರೋ ದಾರಿ ಅಷ್ಟು ಸಲೀಸು.

1. ಜಾಗಕ್ಕಿಂತ ಮೊದಲು ದಿನ ಆರಿಸಿ

ಗಂಗಾವತಿ ಸಮೀಪದ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ಶನಿವಾರ ಆ ಮೆಟ್ಟಿಲ ಮೇಲೆ ಭುಜಕ್ಕೆ ಭುಜ ತಾಗುತ್ತದೆ. ವಾರದ ನಡುವಿನ ದಿನ ಬೆಳಗ್ಗೆ ಬೇಗ ಹೋದರೆ ಅದೇ ಬೆಟ್ಟ ಎಷ್ಟೋ ಹಗುರ. ಹುಲಿಗಿಯ ಹುಲಿಗೆಮ್ಮನ ದರ್ಶನಕ್ಕೆ ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟುಬಿಡಿ. ಕೊಪ್ಪಳದ ಗವಿಮಠದ ಜಾತ್ರೆಯನ್ನು ನೋಡಲೇಬೇಕು ಅಂತ ಹಟ ಬೇಡ. ಜಾತ್ರೆ ಮುಗಿದ ಮೇಲೆ ಒಂದು ಸಾದಾ ಬೆಳಗ್ಗೆ ಮಠಕ್ಕೆ ಹೋದರೂ ಗುಡ್ಡ, ಕೆರೆ, ಗವಿ ಎಲ್ಲಾ ಅಲ್ಲೇ ಇರುತ್ತವೆ.

ಮೊದಲ ಪ್ರವಾಸಕ್ಕೆ ನಾನು ಹೇಳುವುದು ಕುಕನೂರು ಸಮೀಪದ ಇಟಗಿ. ಕ್ರಿ.ಶ. 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯ. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನದಲ್ಲಿ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದ್ದಾರೆ. ಸಾಲು ಸಾಲು ಕಂಬ, ಪಕ್ಕದಲ್ಲಿ ಪುಷ್ಕರಣಿ, ಓಡಾಡಲು ಬಯಲು. ಒಂದೇ ಆಕಾರ ಮತ್ತೆ ಮತ್ತೆ ಬರುವುದನ್ನು ನೋಡಿ ಖುಷಿಪಡುವ ಮಕ್ಕಳಿಗೆ ಆ ಕಂಬಗಳೇ ಸಾಕು. ಬೆರಳಿಂದ ಸವರುತ್ತಾ ಒಂದೊಂದಾಗಿ ಎಣಿಸುತ್ತಾರೆ. ಎಣಿಸಲಿ ಬಿಡಿ, ಅವಸರ ಮಾಡಬೇಡಿ. ಬೆಳಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು.

ನಮ್ಮ ಕಡೆ ಏಪ್ರಿಲ್-ಮೇ ಬಿಸಿಲು ಯಾರಿಗೂ ಆಗುವುದಿಲ್ಲ. ಬೆವರಿಗೆ ಅಂಟಿದ ಅಂಗಿ, ಕತ್ತಿಗೆ ಚುಚ್ಚುವ ಲೇಬಲ್ ಇಷ್ಟೇ ಸಾಕು ಇವರ ದಿನ ಕೆಡಲು. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ.

2. ಪ್ರವಾಸವನ್ನು ಮೊದಲೇ ತೋರಿಸಿ

ಇದಕ್ಕೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ಪುಟಕ್ಕೆ ಒಂದೇ ಚಿತ್ರ ಅಂಟಿಸಿ: ನಮ್ಮ ಮನೆ, ಆಟೊ, ಬಸ್‌ಸ್ಟ್ಯಾಂಡ್, ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್, ಗುಡಿ, ಊಟ, ಮತ್ತೆ ಬಸ್, ಮತ್ತೆ ಮನೆ. ಕೊನೆಯ ಪುಟದಲ್ಲಿ ಮನೆಯ ಚಿತ್ರ ಇರಲೇಬೇಕು. ಪ್ರವಾಸ ಮುಗಿಯುತ್ತದೆ, ತನ್ನ ಮಂಚ ತನಗೆ ಸಿಗುತ್ತದೆ ಅನ್ನುವ ಧೈರ್ಯ ಅದರಿಂದ ಬರುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಹೊರಡುವ ದಿನಕ್ಕೆ ಗುರುತು ಹಾಕಿ, ದಿನಾ ಅವನ ಕೈಯಿಂದಲೇ ಒಂದೊಂದು ದಿನ ಹೊಡೆಸಿ.

ಒಂದು ಖಾಲಿ ಪುಟವನ್ನೂ ಇಡಿ. ಅದರ ಮೇಲೆ ದೊಡ್ಡದಾಗಿ ‘ಬದಲಾವಣೆ’ ಅಂತ ಬರೆಯಿರಿ. ಬಸ್ ತಡವಾಯಿತು, ಹೋಟೆಲ್ ಬಾಗಿಲು ಹಾಕಿತ್ತು ಅಂದಾಗ ಆ ಪುಟ ತೆಗೆದು, ಈಗ ಏನು ಮಾಡುತ್ತೇವೆ ಅಂತ ಅಲ್ಲೇ ಬರೆದು ತೋರಿಸಿ. ಮನೆಯಲ್ಲೇ ಇದನ್ನು ಅಭ್ಯಾಸ ಮಾಡಿಸಿದರೆ ದಾರಿಯಲ್ಲಿ ಉಪಯೋಗಕ್ಕೆ ಬರುತ್ತದೆ.

ಇವರು ಈಗ ಚಿಕ್ಕವರಲ್ಲ. ಎಲ್ಲಿಗೆ ಹೋಗೋಣ ಅಂತ ಎರಡು ಚಿತ್ರ ಮುಂದಿಟ್ಟು ಕೇಳಿ. ಮಾತು ಬಾರದವರು ಬೆರಳು ತೋರಿಸಿ ಆರಿಸುತ್ತಾರೆ. ಆರಿಸಿದ್ದನ್ನು ಗೌರವಿಸಿ. ಮನೆಮಂದಿಯೆಲ್ಲ ಕೋಟೆ ನೋಡಬೇಕು ಅಂದುಕೊಂಡಾಗ ಅವನು ರೈಲ್ವೆ ಸ್ಟೇಷನ್ ಅಂದರೆ, ಸ್ಟೇಷನ್ನಿಗೂ ಒಂದು ಗಂಟೆ ಇಡಿ.

3. ರಾತ್ರಿ ರೈಲಿಗೆ ತಯಾರಿ

ಒಂದು ದಿನದ ಪ್ರವಾಸ ಚೆನ್ನಾಗಿ ಆದ ಮೇಲೆ ದೂರದ್ದು. ಕೊಪ್ಪಳ, ಬಳ್ಳಾರಿ ಕಡೆಯವರಿಗೆ ಮೈಸೂರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ. ಟಿಕೆಟ್ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಬೋಗಿಯ ಎರಡು ತುದಿ ಬೇಡ. ಅಲ್ಲಿ ಶೌಚಾಲಯದ ವಾಸನೆ, ರಾತ್ರಿಯಿಡೀ ಬಾಗಿಲ ಸದ್ದು. ನಡುವಿನ ಸೈಡ್ ಲೋಯರ್, ಅಂದರೆ 31 ಅಥವಾ 39ರಂಥ ನಂಬರ್ ಕೇಳಿ. ತನ್ನದೇ ಕಿಟಕಿ ಇರುತ್ತದೆ. ಹತ್ತಲು ಬರುವವರಿಗೆ ಅಪ್ಪರ್ ಬರ್ತ್ ಇನ್ನೂ ಚೆನ್ನ, ಯಾರೂ ಮುಟ್ಟುವುದಿಲ್ಲ. ರಾತ್ರಿ ಎದ್ದು ನಡೆಯುವ ಅಭ್ಯಾಸ ಇದ್ದರೆ ಮಾತ್ರ ಕೆಳಗಿನದೇ ಇರಲಿ, ಬಾಗಿಲ ಕಡೆ ದೊಡ್ಡವರು ಮಲಗಲಿ.

ಕಾಗದಪತ್ರದ ಮಾತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಅದೂ ಸೇರಿದೆ. ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಮಾಡಿಸದಿದ್ದರೆ ಮೊದಲು ಅದನ್ನು ಮಾಡಿಸಿ. ರೈಲ್ವೆ ರಿಯಾಯಿತಿ ಸಿಗುವುದು, ಒಬ್ಬರೇ ಪ್ರಯಾಣ ಮಾಡಲಾಗದ ಬುದ್ಧಿಮಾಂದ್ಯರ ವಿಭಾಗದಲ್ಲಿ. ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಶೇ 75, ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ. ನಿಮ್ಮ ಪ್ರಮಾಣಪತ್ರ ಇದಕ್ಕೆ ನಡೆಯುತ್ತದೆಯೇ ಅಂತ ರಿಸರ್ವೇಷನ್ ಕೌಂಟರಿನಲ್ಲಿ ಮೊದಲೇ ಕೇಳಿ.

ಉಳಿಯುವ ರೂಮು ಲಿಫ್ಟ್, ಜನರೇಟರ್‌ನಿಂದ ದೂರ ಇರಲಿ. ಒಳಗೆ ಹೋದ ತಕ್ಷಣ ಚಿಲಕ, ಬಾಲ್ಕನಿ ನೋಡಿ. ಮೈಸೂರು ಮೃಗಾಲಯಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಸಾಮಾನ್ಯವಾಗಿ ಮಂಗಳವಾರ ಅದಕ್ಕೆ ರಜೆ.

4. ಚೀಲದಲ್ಲಿ ಏನಿರಬೇಕು

ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಟೋಪಿ, ಅವನದೇ ಹೊದಿಕೆ (ಒಗೆಯದೇ ತನ್ನಿ, ಮನೆಯ ವಾಸನೆ ಇರಲಿ), ಕೈಯಲ್ಲಿ ಹಿಡಿಯುವ ಇಷ್ಟದ ವಸ್ತು, ಎರಡು ಜೊತೆ ಹಳೆಯ ಮೆತ್ತನೆ ಬಟ್ಟೆ. ಊಟದಲ್ಲಿ ಹೊಸದನ್ನು ಕಲಿಸಲು ಪ್ರವಾಸ ಜಾಗವಲ್ಲ. ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನ ಏನು ತಿನ್ನುತ್ತಾನೋ ಅದನ್ನೇ ಬುತ್ತಿ ಕಟ್ಟಿಕೊಳ್ಳಿ, ತಟ್ಟೆಯೂ ಅವನದೇ ಇರಲಿ. ಹೆಣ್ಣುಮಕ್ಕಳಾದರೆ ಮುಟ್ಟಿನ ದಿನ ಲೆಕ್ಕ ಹಾಕಿ ಹೊರಡಿ.

ಆಟಿಸಂ ಇರುವವರಲ್ಲಿ ಫಿಟ್ಸ್ ಉಳಿದವರಿಗಿಂತ ಹೆಚ್ಚು. ಕೆಲವರಿಗೆ ಅದು ಹದಿಹರೆಯದಲ್ಲೇ ಶುರುವಾಗುತ್ತದೆ. ನಿದ್ದೆಗೆಟ್ಟರೆ ಬರುವ ಸಾಧ್ಯತೆ ಜಾಸ್ತಿ. ಮಾತ್ರೆ ಇದ್ದರೆ ಎರಡು ಚೀಲದಲ್ಲಿ ಹಂಚಿಡಿ, ವೈದ್ಯರ ಚೀಟಿಯೂ ಇರಲಿ.

ಹೆಸರು, ನಿಮ್ಮ ಫೋನ್ ನಂಬರ್, ‘ನನಗೆ ಆಟಿಸಂ ಇದೆ’ ಅನ್ನುವ ಸಾಲು ಬರೆದ ಚೀಟಿ ಅವನ ಜೇಬಿನಲ್ಲಿರಲಿ. ಹೊರಡುವ ಬೆಳಗ್ಗೆ ಅವನ ಒಂದು ಫೋಟೊ ತೆಗೆಯಿರಿ. ಕಾಣೆಯಾದರೆ ಯಾವ ಬಣ್ಣದ ಅಂಗಿ ಅಂತ ಆ ಗಾಬರಿಯಲ್ಲಿ ನೆನಪಾಗುವುದಿಲ್ಲ. ರೈಲಿನಲ್ಲಾದರೆ ಸಹಾಯವಾಣಿ 139ಕ್ಕೆ, ಬೇರೆ ಕಡೆ 112ಕ್ಕೆ ಫೋನ್ ಮಾಡಿ. ನೀರಿನ ಕಡೆಗೆ ಓಡುವ ಮಕ್ಕಳಾದರೆ ಸಾಣಾಪುರ ಕೆರೆ, ತುಂಗಭದ್ರೆಯ ದಡದಲ್ಲಿ ಒಬ್ಬರು ಕೈ ಬಿಡಲೇಬಾರದು.

5. ಶೌಚಾಲಯ

ತಾಯಿ ಒಬ್ಬಳೇ ಇದ್ದಾಗ ಇದು ದೊಡ್ಡ ಚಿಂತೆ. ಗಂಡಸರ ಕಡೆ ನಾವು ಹೋಗುವಂತಿಲ್ಲ, ಹೆಂಗಸರ ಕಡೆ ಅವನನ್ನು ಕರೆತರುವಂತಿಲ್ಲ. ಒಂದೇ ಕೋಣೆ ಇರುವ ಪೆಟ್ರೋಲ್ ಬಂಕ್, ಹೋಟೆಲ್ ಶೌಚಾಲಯ ಹುಡುಕಿಟ್ಟುಕೊಳ್ಳಿ. ಬಾಗಿಲು ಹಾಕಿಕೊಂಡು ಒಬ್ಬನೇ ಹೋಗಿ ಬರುವುದನ್ನು ತಿಂಗಳ ಮೊದಲೇ ಕಲಿಸಲು ಶುರು ಮಾಡಿ.

6. ತಡೆಯಲಾಗದೆ ಕಿರುಚಿದಾಗ

ಎಷ್ಟೇ ತಯಾರಿ ಇದ್ದರೂ ಇದು ಆಗಬಹುದು. ಕಂಡಕ್ಟರ್ ಸೀಟಿ, ಹಾರನ್ನು, ಮಿರ್ಚಿ ಕರಿಯುವ ಎಣ್ಣೆಯ ಘಾಟು, ನೂಕುನುಗ್ಗಲು ಎಲ್ಲಾ ಒಟ್ಟಿಗೆ ಮೈಮೇಲೆ ಬಿದ್ದಾಗ ಅವನಿಗೆ ತಡೆಯಲಾಗುವುದಿಲ್ಲ. ಅದು ಹಟ ಅಲ್ಲ. ಬೈದರೆ, ಏನಾದರೂ ಕೊಡಿಸಿದರೆ ನಿಲ್ಲುವುದೂ ಇಲ್ಲ. ಅದಕ್ಕೂ ಮೊದಲು ಸುಳಿವು ಇರುತ್ತದೆ: ಕೈ ಜೋರಾಗಿ ಆಡಿಸುವುದು, ಒಂದೇ ಪದ ಮತ್ತೆ ಮತ್ತೆ ಹೇಳುವುದು, ಕಿವಿ ಮುಚ್ಚಿಕೊಳ್ಳುವುದು. ಆಗಲೇ ಹೊರಗೆ ಕರೆತನ್ನಿ.

ಶುರುವಾಗಿಬಿಟ್ಟರೆ ಮಾತು ನಿಲ್ಲಿಸಿ. ‘ಯಾಕೆ, ಏನಾಯ್ತು’ ಅನ್ನುವ ಪ್ರಶ್ನೆಯೂ ಅವನಿಗೆ ಇನ್ನೊಂದು ಸದ್ದೇ. ಒಬ್ಬರು ಅವನ ಬಳಿ ನಿಲ್ಲಿ, ಅವನಿಗೆ ಬೇಕೆನಿಸಿದರೆ ಮಾತ್ರ ಮುಟ್ಟಿ. ಇನ್ನೊಬ್ಬರು ಜನರನ್ನು ನೋಡಿಕೊಳ್ಳಲಿ. ಗಾಳಿ ಸೋಕಿದೆ, ಯಂತ್ರ ಕಟ್ಟಿಸಿ ಅನ್ನುವವರು ಬಂದೇ ಬರುತ್ತಾರೆ. ವಾದ ಮಾಡಬೇಡಿ. ಒಂದು ಮಾತು ಸಿದ್ಧ ಇಟ್ಟುಕೊಳ್ಳಿ: ‘ಆಟಿಸಂ ಐತ್ರಿ, ಸದ್ದಿಗೆ ತ್ರಾಸ ಆಗೈತಿ. ಸ್ವಲ್ಪ ಜಾಗ ಬಿಡ್ರಿ, ವಿಡಿಯೊ ಮಾಡಬ್ಯಾಡ್ರಿ.’ ಇಷ್ಟು ಹೇಳಿದರೆ ಬಹಳ ಮಂದಿ ಹಿಂದೆ ಸರಿಯುತ್ತಾರೆ. ಯಾರಾದರೂ ಒಬ್ಬರು ಕುಡಿಯಲು ನೀರು ತಂದುಕೊಡುವುದೂ ಉಂಟು. ಸುಮ್ಮನಾದ ಮೇಲೆ ಅವನಿಗೆ ಸುಸ್ತಾಗಿರುತ್ತದೆ. ಆ ದಿನದ ಉಳಿದ ಕಾರ್ಯಕ್ರಮ ಬಿಟ್ಟುಬಿಡಿ.

7. ವಾಪಸ್ ಬಂದ ಮೇಲೆ

ಶಾಲೆ ಶುರುವಾಗುವ ಹಿಂದಿನ ರಾತ್ರಿ ಊರು ಸೇರುವಂತೆ ಟಿಕೆಟ್ ಮಾಡಿಸಬೇಡಿ. ನಡುವೆ ಒಂದೆರಡು ದಿನ ಖಾಲಿ ಇರಲಿ. ಜೊತೆಗೆ ಬಂದ ಅಕ್ಕ, ತಮ್ಮನನ್ನೂ ಕೇಳಿ, ಅವರಿಗೆ ಏನು ತಪ್ಪಿಹೋಯಿತು ಅಂತ. ಅದನ್ನು ಅವರೊಬ್ಬರನ್ನೇ ಕರೆದುಕೊಂಡು ಹೋಗಿ ತೋರಿಸಿ. ಪ್ರವಾಸದ ಫೋಟೊಗಳನ್ನು ಅದೇ ನೋಟ್‌ಬುಕ್ಕಿನಲ್ಲಿ ಅಂಟಿಸಿ. ಮುಂದಿನ ಸಲ ಒಂದೇ ಒಂದು ಹೊಸ ಸಂಗತಿ ಸೇರಿಸಿ: ಜಾಗ ಹೊಸದಾದರೆ ಬಸ್ಸು ಹಳೆಯದೇ ಇರಲಿ.