ಕನೆಕ್ಷನ್ 600ರಿಂದ 20ಕ್ಕೆ ಇಳಿಸಿದೆ, ಸೈಟ್ ಓಡಿತು

ಡೇಟಾಬೇಸ್ ಕನೆಕ್ಷನ್ (ಆ್ಯಪ್ ಸರ್ವರ್ ಡೇಟಾಬೇಸ್ ಜೊತೆ ಮಾತಾಡುವ ಒಂದೊಂದು ದಾರಿ) ಕಡಿಮೆ ಮಾಡಿದರೆ ಸೈಟ್ ಚುರುಕಾಗುತ್ತದೆ ಅಂತ ನಾನು ಮೀಟಿಂಗ್‌ನಲ್ಲಿ ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. ಜನ ಜಾಸ್ತಿ ಬರುತ್ತಿರುವಾಗ ಬಾಗಿಲು ಚಿಕ್ಕದು ಮಾಡ್ತೀಯಾ ಅಂತ ಕೇಳಿದರು. ಈಗ ಎಂಟು ತಿಂಗಳಾಯಿತು, ಆ ಚಿಕ್ಕ ಬಾಗಿಲಲ್ಲೇ ಎಲ್ಲ ನಡೆಯುತ್ತಿದೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮದು ಆರ್ಡರ್ ತೆಗೆದುಕೊಳ್ಳುವ ಆ್ಯಪ್. ಹಿಂಬದಿಯಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್, 8 ಕೋರ್. ಮುಂದೆ ಜಾವಾ ಸರ್ವರ್‌ಗಳು, ಲೋಡ್ ಏರಿದಾಗ 12ರ ತನಕ ತಾವೇ ಹೆಚ್ಚುತ್ತಿದ್ದವು. ಒಂದೊಂದರ ಪೂಲ್ ಸೈಜ್, ಅಂದರೆ ತೆರೆದಿಟ್ಟುಕೊಳ್ಳುವ ಕನೆಕ್ಷನ್ ಸಂಖ್ಯೆ, 50. ಗುಣಿಸಿ ನೋಡಿ, 600. ಪೋಸ್ಟ್‌ಗ್ರೆಸ್‌ನಲ್ಲಿ ಡೀಫಾಲ್ಟ್ ಮಿತಿ 100 ಕನೆಕ್ಷನ್. ಯಾರೋ ಯಾವಾಗಲೋ ಅದನ್ನು 700 ಮಾಡಿಟ್ಟಿದ್ದರು. ಪೀಕ್ ಹೊತ್ತಲ್ಲಿ ಸೆಕೆಂಡಿಗೆ ಸುಮಾರು 900 ರಿಕ್ವೆಸ್ಟ್, ಪಿ95 (ನೂರರಲ್ಲಿ 95 ರಿಕ್ವೆಸ್ಟ್ ಇಷ್ಟರೊಳಗೆ ಮುಗಿಯುತ್ತವೆ ಅನ್ನುವ ಸಮಯ) ನಾಲ್ಕು ಸೆಕೆಂಡ್.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ಡೇಟಾಬೇಸ್ ಮೆಷಿನ್ ಅನ್ನು 16 ಕೋರ್‌ಗೆ ಏರಿಸಿದೆವು. ಡೇಟಾಬೇಸ್ ಬಿಲ್ ನೇರವಾಗಿ ಎರಡರಷ್ಟಾಯಿತು. ಸಿಪಿಯು ಗ್ರಾಫ್ ಅರ್ಧಕ್ಕೆ ಇಳಿಯಿತು, ಎಲ್ಲರಿಗೂ ಖುಷಿ. ಪಿ95 ಮಾತ್ರ ನಾಲ್ಕರಿಂದ ಮೂರೂವರೆಗೆ ಬಂದು ನಿಂತಿತು. ಆ ಅರ್ಧ ಸೆಕೆಂಡಿಗೆ ಮೂರು ತಿಂಗಳು ದುಡ್ಡು ಕಟ್ಟಿದ್ದೇವೆ.

ಆಮೇಲೆ ರೆಡಿಸ್, ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಬೇಗ ಕೊಡುವ ಸಾಫ್ಟ್‌ವೇರ್. ಮುಖಪುಟದ ಪಟ್ಟಿಯನ್ನು 60 ಸೆಕೆಂಡ್ ಕ್ಯಾಶ್ ಮಾಡಿದೆವು. ಎಲ್ಲ ಕೀಗಳನ್ನೂ (ಅದರಲ್ಲಿಟ್ಟ ಒಂದೊಂದು ನಮೂದು) ಹೊಸ ಕೋಡ್ ಹಾಕುವ ಹೊತ್ತಲ್ಲಿ ಒಟ್ಟಿಗೆ ತುಂಬಿಸುತ್ತಿದ್ದೆವು, ಅವು ಒಟ್ಟಿಗೇ ಸಾಯುತ್ತಿದ್ದವು. ಪ್ರತಿ ನಿಮಿಷಕ್ಕೊಮ್ಮೆ ನೂರಾರು ರಿಕ್ವೆಸ್ಟ್ ಒಂದೇ ಕ್ವೆರಿ ಹಿಡಿದು ಡೇಟಾಬೇಸ್ ಮೇಲೆ ಬೀಳುತ್ತಿದ್ದವು. ಗ್ರಾಫ್ ನೋಡಿದರೆ ಬಾಚಣಿಗೆ ಹಲ್ಲಿನ ಹಾಗೆ. ಅವಧಿಯನ್ನು 45ರಿಂದ 75 ಸೆಕೆಂಡ್ ನಡುವೆ ಹಂಚಿದ ಮೇಲೆ ಹಲ್ಲುಗಳು ಹೋದವು, ನಿಧಾನ ಹೋಗಲಿಲ್ಲ.

ಒಂದು ಸಂಜೆ ಪೀಕ್ ಹೊತ್ತಲ್ಲೇ ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ (ಯಾವ ಕನೆಕ್ಷನ್ ಏನು ಮಾಡುತ್ತಿದೆ ಅಂತ ಪೋಸ್ಟ್‌ಗ್ರೆಸ್ ತೋರಿಸುವ ಪಟ್ಟಿ) ತೆರೆದು ಕೂತೆ. ಆ್ಯಕ್ಟಿವ್ ಅಂತ ತೋರಿಸುತ್ತಿದ್ದದ್ದು 250ರಷ್ಟು. ಅದರಲ್ಲಿ ಮುಕ್ಕಾಲು ಪಾಲು ಲಾಕ್‌ಗೆ, ಅಂದರೆ ಇನ್ನೊಂದು ಕನೆಕ್ಷನ್ ಹಾಕಿದ ಬೀಗ ತೆಗೆಯಲಿ ಅಂತ, ಕಾಯುತ್ತಿದ್ದವು. 80-90 ಐಡಲ್ ಇನ್ ಟ್ರಾನ್ಸಾಕ್ಷನ್, ಅಂದರೆ ಟ್ರಾನ್ಸಾಕ್ಷನ್ (ಆದರೆ ಎಲ್ಲ ಆಗುವ, ಇಲ್ಲದಿದ್ದರೆ ಎಲ್ಲ ರದ್ದಾಗುವ ಕೆಲಸಗಳ ಗುಂಪು) ತೆರೆದಿಟ್ಟು ಏನೂ ಮಾಡದೆ ಇದ್ದವು. ಉಳಿದವು ಸುಮ್ನೆ ಕೂತಿದ್ದವು. ಅಂದರೆ ನಿಜವಾಗಿ ಕೆಲಸ ಮಾಡುತ್ತಿದ್ದದ್ದು ಕೆಲವು ಡಜನ್ ಮಾತ್ರ. ನಮ್ಮ ಕ್ವೆರಿಗಳು ಸರಾಸರಿ 15 ಮಿಲಿಸೆಕೆಂಡ್. 900 ರಿಕ್ವೆಸ್ಟನ್ನು 0.015ರಿಂದ ಗುಣಿಸಿದರೆ ಹದಿಮೂರೂವರೆ. ಒಂದು ಕ್ಷಣದಲ್ಲಿ ಬೇಕಿರುವುದು ಅಷ್ಟೇ ಕನೆಕ್ಷನ್! ಪೋಸ್ಟ್‌ಗ್ರೆಸ್‌ನಲ್ಲಿ ಕನೆಕ್ಷನ್ ಅಂದರೆ ಒಂದೊಂದೂ ಬೇರೆ ಪ್ರೊಸೆಸ್. ಉಳಿದ ಐನೂರು ಚಿಲ್ಲರೆ ಯಾಕೆ ಬೇಕು, ಅಲ್ವಾ?

ನಡುವೆ ಪಿಜಿಬೌನ್ಸರ್ ಹಾಕಿದೆ, ಕೆಲವೇ ಡೇಟಾಬೇಸ್ ಕನೆಕ್ಷನ್‌ಗಳನ್ನು ಎಲ್ಲರಿಗೂ ಹಂಚುವ ಸಾಫ್ಟ್‌ವೇರ್. ಟ್ರಾನ್ಸಾಕ್ಷನ್ ಮೋಡ್ (ಒಂದು ಟ್ರಾನ್ಸಾಕ್ಷನ್ ಮುಗಿದ ಕೂಡಲೇ ಕನೆಕ್ಷನ್ ಬೇರೆಯವರಿಗೆ), ಪೂಲ್ 20. ಹತ್ತು ನಿಮಿಷಕ್ಕೆ ಸೈಟ್ ನಿಂತೇ ಹೋಯಿತು.

ಆ ಹತ್ತು ನಿಮಿಷ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಪಿಜಿಬೌನ್ಸರ್‌ನ ಸ್ಥಿತಿ ತೋರಿಸುವ ಶೋ ಪೂಲ್ಸ್ ಕಮಾಂಡ್ ಕೊಟ್ಟೆ. ಕಾಯುತ್ತಿರುವ ಕ್ಲೈಂಟ್‌ಗಳು 500 ದಾಟಿದ್ದವು. 20ಕ್ಕೆ 20 ಸರ್ವರ್ ಕನೆಕ್ಷನ್‌ಗಳೂ ಬಿಜಿ. ಆದರೆ ಡೇಟಾಬೇಸ್ ಸಿಪಿಯು 6%. ಎಲ್ಲರೂ ಬಿಜಿ, ಕೆಲಸ ಮಾತ್ರ ಯಾರೂ ಮಾಡುತ್ತಿಲ್ಲ. ವಾಪಸ್ ತೆಗೆದೆ. "ಮೊದಲೇ ಹೇಳಿರಲಿಲ್ಲವಾ" ಅಂದವರು ಮೂರು ಜನ. ಅರ್ಧ ಗಂಟೆಯ ಆರ್ಡರ್ ಹೋಯಿತು. ಅದರ ಲೆಕ್ಕ ಕೇಳಲು ಮೇಲಿನವರು ಕರೆದರು.

ಆ 6% ನನ್ನನ್ನು ಬಿಡಲಿಲ್ಲ. ಎರಡು ದಿನ ಕೋಡ್ ಓದಿದೆ, ಸಿಕ್ಕಿತು. ಆರ್ಡರ್ ಮಾಡುವ ಫಂಕ್ಷನ್ ಟ್ರಾನ್ಸಾಕ್ಷನ್ ತೆರೆಯುತ್ತದೆ, ಸ್ಟಾಕ್ ಸಾಲಿನಲ್ಲಿ ಒಂದು ಕಳೆಯುತ್ತದೆ, ಪೇಮೆಂಟ್ ಗೇಟ್‌ವೇಗೆ ಕರೆ ಹೋಗುತ್ತದೆ, ಉತ್ತರ ಬಂದ ಮೇಲೆ ಕಮಿಟ್, ಅಂದರೆ ಬದಲಾವಣೆ ಖಾಯಂ. ಗೇಟ್‌ವೇ ಉತ್ತರಕ್ಕೆ ಎರಡು ಸೆಕೆಂಡ್. ಅಷ್ಟೂ ಹೊತ್ತು ಕನೆಕ್ಷನ್ ಕೈಯಲ್ಲಿ, ಸ್ಟಾಕ್ ಸಾಲಿಗೆ ಬೀಗ. ಸೆಕೆಂಡಿಗೆ 40 ಪೇಮೆಂಟ್ ಅಂದರೆ 80 ಕನೆಕ್ಷನ್ ಬರೀ ಕಾಯುವುದಕ್ಕೆ. ಆ 80-90 ಐಡಲ್‌ಗಳು ಇವೇ. ಅದೇ ವಸ್ತು ಬೇಕೆಂದು ಬಂದವರೆಲ್ಲ ಆ ಬೀಗದ ಹಿಂದೆ ಸಾಲು. ಕೋರ್ ಎರಡು ಪಟ್ಟು ಮಾಡಿದರೂ ಯಾಕೆ ಆಗಲಿಲ್ಲ ಅನ್ನುವುದೂ ಆಗ ಗೊತ್ತಾಯಿತು.

ಬಿಡಿಸಿದ್ದು ಹೀಗೆ. ಮೊದಲ ಟ್ರಾನ್ಸಾಕ್ಷನ್‌ನಲ್ಲಿ ಸ್ಟಾಕ್ ಕಾದಿರಿಸಿ, ಆರ್ಡರ್ "ಬಾಕಿ" ಅಂತ ಬರೆದು ಕಮಿಟ್. ಆಮೇಲೆ ಗೇಟ್‌ವೇ ಕರೆ, ಕನೆಕ್ಷನ್ ಇಲ್ಲದೆ. ಉತ್ತರ ಬಂದ ಮೇಲೆ ಎರಡನೇ ಚಿಕ್ಕ ಟ್ರಾನ್ಸಾಕ್ಷನ್. ನಡುವೆ ಸರ್ವರ್ ಬಿದ್ದರೆ? ನಿಮಿಷಕ್ಕೊಮ್ಮೆ ಒಂದು ವರ್ಕರ್ ಹಳೆಯ ಬಾಕಿಗಳನ್ನು ಹೆಕ್ಕಿ ಗೇಟ್‌ವೇಯನ್ನೇ ಕೇಳುತ್ತದೆ. ಪ್ರತಿ ಪೇಮೆಂಟ್‌ಗೂ ಒಂದು ಐಡೆಂಪೊಟೆನ್ಸಿ ಕೀ (ಅದೇ ಪೇಮೆಂಟ್ ಮತ್ತೆ ಬಂದರೆ ಗೇಟ್‌ವೇಗೆ ಗೊತ್ತಾಗುವ ಗುರುತು) ಇಟ್ಟೆ, ಇಲ್ಲದಿದ್ದರೆ ಗ್ರಾಹಕರ ದುಡ್ಡು ಎರಡು ಸಲ ಹೋಗುತ್ತಿತ್ತು. ಇದರಲ್ಲಿ ಮಾತ್ರ ಅವಸರ ಮಾಡಬೇಡಿ. ನಾನು ಮೂರು ವಾರ ತೆಗೆದುಕೊಂಡೆ.

ಉಳಿದ ಕಡೆ ಇಂಥದ್ದೇ ಹುಡುಕಲು ಟೆಸ್ಟ್ ಡೇಟಾಬೇಸ್‌ನಲ್ಲಿ ಐಡಲ್ ಇನ್ ಟ್ರಾನ್ಸಾಕ್ಷನ್ ಸೆಷನ್ ಟೈಮ್‌ಔಟ್ ಅನ್ನು ಅರ್ಧ ಸೆಕೆಂಡಿಗೆ ಇಟ್ಟೆ. ಟ್ರಾನ್ಸಾಕ್ಷನ್ ತೆರೆದು ಅದಕ್ಕಿಂತ ಹೆಚ್ಚು ಹೊತ್ತು ಸುಮ್ಮನಿದ್ದರೆ ಕನೆಕ್ಷನ್ ಕಡಿದುಹೋಗುತ್ತದೆ. ಇದು 2016ರ ಪೋಸ್ಟ್‌ಗ್ರೆಸ್ 9.6ರಿಂದಲೇ ಇದೆ, ಡೀಫಾಲ್ಟ್ ಆಗಿ ಆಫ್ ಇರುತ್ತದೆ. ಒಂದೇ ರಾತ್ರಿಯಲ್ಲಿ ಹದಿನೆಂಟು ಜಾಗ ಎರರ್ ಕೊಟ್ಟವು. ಮೇಲ್ ಕಳಿಸುವುದು, ಪಿಡಿಎಫ್ ಮಾಡುವುದು, ಎಲ್ಲ ಟ್ರಾನ್ಸಾಕ್ಷನ್ ಒಳಗೇ ಕೂತಿದ್ದವು.

ಎರಡನೇ ಸಲ ಪಿಜಿಬೌನ್ಸರ್ ಹಾಕಿದಾಗ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಒಂದು ಕನೆಕ್ಷನ್‌ನಲ್ಲಿ ಮೊದಲೇ ಸಿದ್ಧಮಾಡಿಟ್ಟ ಕ್ವೆರಿ) ಇಲ್ಲ ಅನ್ನುವ ಎರರ್ ಮಳೆ ಬಂತು. ನಮ್ಮದು ಹಳೆಯ ಆವೃತ್ತಿ. ಪಿಜಿಬೌನ್ಸರ್ 1.21ರಿಂದ ಟ್ರಾನ್ಸಾಕ್ಷನ್ ಮೋಡ್‌ನಲ್ಲೂ ಇದಕ್ಕೆ ಬೆಂಬಲವಿದೆ, ಅದಕ್ಕೆ ಏರಿಸಿ ಸೆಟ್ಟಿಂಗ್ ಆನ್ ಮಾಡಿದ ಮೇಲೆ ನಿಂತಿತು. ಟೇಬಲ್‌ಗಳ ರಚನೆ ಬದಲಿಸುವ ಮೈಗ್ರೇಷನ್ ಟೂಲ್ ಸೆಷನ್ ಮಟ್ಟದ ಅಡ್ವೈಸರಿ ಲಾಕ್ (ಒಂದೇ ಕನೆಕ್ಷನ್‌ಗೆ ಅಂಟಿಕೊಂಡಿರುವ ಬೀಗ) ಹಿಡಿಯುತ್ತದೆ, ಅದನ್ನು ಮಾತ್ರ ನೇರವಾಗಿ ಡೇಟಾಬೇಸ್‌ಗೆ ಬಿಟ್ಟೆ.

ಪೂಲ್ 16, 20, 24, 32 ಎಲ್ಲ ಇಟ್ಟು ನೋಡಿದೆ. 32ರಲ್ಲಿ ಪಿ99 ಕೆಡುತ್ತಿತ್ತು, 16ರಲ್ಲಿ ಸಾಲು ಬೆಳೆಯುತ್ತಿತ್ತು. 20ಕ್ಕೆ ನಿಂತೆ. ರಿಪೋರ್ಟ್‌ಗಳಿಗೆ ಬೇರೆ ಚಿಕ್ಕ ಪೂಲ್. ಯಾವ ಕ್ವೆರಿ ಅತ್ತ ಹೋಗಬೇಕು ಅಂತ ತೀರ್ಮಾನಿಸಲು ನನ್ನದೇ ಒಂದು ಉಪಾಯ ಇದೆ, ಅದನ್ನು ಸದ್ಯಕ್ಕೆ ಇಟ್ಟುಕೊಳ್ಳುತ್ತೇನೆ.

ಈಗ ಪಿ95 ಸುಮಾರು 280 ಮಿಲಿಸೆಕೆಂಡ್. ಡೇಟಾಬೇಸ್ ವಾಪಸ್ 8 ಕೋರ್. ಆ್ಯಪ್ ಸರ್ವರ್ ಐದೇ ಸಾಕು. ತಿಂಗಳ ಬಿಲ್ ಆಗಿನದರ ಶೇಕಡಾ 40ರಷ್ಟು. ಲೆಕ್ಕ ಕೇಳಿದ್ದ ಮೇಲಿನವರಿಗೆ ಆ ಕಾಗದವನ್ನು ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ.

ಈ ನಡುವೆ ಇನ್ನೆರಡು ಪ್ರಯೋಗ ಮಾಡಿದೆ. ಡೈನಮಿಕ್ ಪುಟಗಳನ್ನು ಕುಗ್ಗಿಸಿ ಕಳಿಸುವ ಬ್ರಾಟ್ಲಿ ಕಂಪ್ರೆಷನ್ನಿನ ಮಟ್ಟ 11 ಇಟ್ಟರೆ ಸಿಪಿಯು ನುಂಗಿಬಿಡುತ್ತದೆ, 5 ಇಟ್ಟೆ, ಸೈಜ್‌ನಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆರ್ಡರ್ ಪಟ್ಟಿಯಲ್ಲಿ ಆಫ್‌ಸೆಟ್ (ಮೊದಲ ಇಷ್ಟು ಸಾಲು ಎಣಿಸಿ ಬಿಟ್ಟು ಮುಂದಿನದನ್ನು ಕೊಡುವುದು) ತೆಗೆದು, ಹಿಂದಿನ ಪುಟದ ಕೊನೆಯ ದಿನಾಂಕ ಮತ್ತು ಐಡಿಯಿಂದ ಮುಂದೆ ಹೋಗುವ ಹಾಗೆ ಮಾಡಿದೆ, ಎರಡಕ್ಕೂ ಸೇರಿಸಿ ಒಂದೇ ಇಂಡೆಕ್ಸ್. ನಾನೂರನೇ ಪುಟ ಎರಡು ಸೆಕೆಂಡಿನಿಂದ ಹತ್ತು ಮಿಲಿಸೆಕೆಂಡಿಗೆ ಬಂತು. "400ನೇ ಪುಟಕ್ಕೆ ಹೋಗು" ಅನ್ನುವ ಬಟನ್ ತೆಗೆಯಬೇಕಾಯಿತು, ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.