ಕರ್ನಲ್ ಬದಲಿಸಿದ ಮೇಲೆ ಫ್ಲ್ಯಾಶ್ ಕೈಕೊಟ್ಟರೆ: ಕೆಡಿಸಿದ ಕಮಿಟ್ ಹಿಡಿಯುವುದು ಹೇಗೆ?

ಹಳೆಯ ಲಿನಕ್ಸ್ ಕರ್ನಲ್‌ನಲ್ಲಿ (ಸಿಸ್ಟಂನ ತಿರುಳಿನಲ್ಲಿ) ನಿಮ್ಮ ಚಿಕ್ಕ ಕಂಪ್ಯೂಟರ್ ಬೋರ್ಡ್ ಚೆನ್ನಾಗಿ ಓಡುತ್ತಿತ್ತು. ಹೊಸದು ಹಾಕಿದಿರಿ, ಡೇಟಾ ಇಡುವ ನ್ಯಾಂಡ್ ಫ್ಲ್ಯಾಶ್ ಚಿಪ್ಪನ್ನು ಒಮ್ಮೊಮ್ಮೆ ಓದುತ್ತದೆ, ಒಮ್ಮೊಮ್ಮೆ ಇಲ್ಲ. ಬೋರ್ಡ್ ಅದೇ, ಚಿಪ್ಪೂ ಅದೇ. ಇದಕ್ಕೆ ರಿಗ್ರೆಶನ್ ಅನ್ನುತ್ತೇವೆ. ನಡುವೆ ಬಂದ ಯಾವುದೋ ಕಮಿಟ್, ಅಂದರೆ ಕೋಡ್‌ಗೆ ಮಾಡಿದ ಒಂದು ಬದಲಾವಣೆ, ಇದನ್ನು ಕೆಡಿಸಿದೆ. ಅದನ್ನು ಹುಡುಕಲು, ಕಮಿಟ್‌ಗಳ ಲೆಕ್ಕ ಇಡುವ ಗಿಟ್‌ನಲ್ಲೇ ಬೈಸೆಕ್ಟ್ ಅನ್ನುವ ಕಮಾಂಡ್ ಇದೆ, ಐದು ನಿಮಿಷದಲ್ಲಿ ಕಲಿಯಬಹುದು. ಆದರೂ ಬುದ್ಧಿವಂತ ಎಂಜಿನಿಯರ್‌ಗಳು ಮೂರು ದಿನ ಕೂತು ತಪ್ಪು ಕಮಿಟ್ ಹಿಡಿದು ತಂದದ್ದನ್ನು ನೋಡಿದ್ದೇನೆ. ನನ್ನ ಗೆಳೆಯರೊಬ್ಬರಿಗೆ ಸಿಕ್ಕಿದ್ದು ಸೌಂಡ್ ಕಾರ್ಡ್ ಡ್ರೈವರ್‌ನ ಕಮಿಟ್. ಅವರ ಬೋರ್ಡಿನಲ್ಲಿ ಸೌಂಡ್ ಚಿಪ್ಪೇ ಇರಲಿಲ್ಲ.

ಮೊದಲು ತಯಾರಿ

ಬೋರ್ಡ್ ಜೊತೆ ಬಂದ ಕರ್ನಲ್ ಬದಿಗಿಟ್ಟು, ಮೇನ್‌ಲೈನ್‌ನಲ್ಲೂ (ಲಿನಕ್ಸ್‌ನ ಮೂಲ ಕರ್ನಲ್) ತೊಂದರೆ ಬರುತ್ತದೆಯೇ ನೋಡಿ. ಕರ್ನಲ್, ಡಿವೈಸ್ ಟ್ರೀ (ಬೋರ್ಡಿನ ಹಾರ್ಡ್‌ವೇರ್ ವಿವರದ ಫೈಲ್), ಇನಿಟ್‌ರ್ಯಾಮ್‌ಎಫ್‌ಎಸ್ (ಮೆಮೊರಿಯಲ್ಲೇ ಓಡುವ ಚಿಕ್ಕ ಫೈಲ್ ಸಿಸ್ಟಂ) ಮೂರೂ ನೆಟ್‌ವರ್ಕಿನಿಂದ ಬೂಟ್ ಆಗಲಿ. ರೂಟ್ ಫೈಲ್ ಸಿಸ್ಟಂ ಫ್ಲ್ಯಾಶ್‌ನಲ್ಲಿ ಇರಲೇಬಾರದು. ಡಿವೈಸ್ ಟ್ರೀ ಆಯಾ ಕರ್ನಲ್ ಜೊತೆಗೇ ಬಿಲ್ಡ್ ಆದದ್ದಾಗಿರಲಿ.

ಬೋರ್ಡಿಗೆ ಒಳ್ಳೆಯ ಅಡಾಪ್ಟರ್ ಕೊಡಿ. ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ಪವರ್ ಕೊಟ್ಟರೆ ವೋಲ್ಟೇಜ್ ಕುಸಿದು, ಡ್ರೈವರ್ ದೋಷದಂತೆಯೇ ಕಾಣುತ್ತದೆ. ಅಗ್ಗದ ಸೀರಿಯಲ್ ಕೇಬಲ್ ಕೂಡ ಬೇಡ. ಅದು ಅಕ್ಷರ ನುಂಗುತ್ತದೆ, ಲಾಗ್‌ನಲ್ಲಿ ಬೇಕಾದ ಸಾಲೇ ಕಾಣೆಯಾಗಿರುತ್ತದೆ.

ಬೈಸೆಕ್ಟ್ ಶುರು

ಸರಿ ಇದ್ದ ಆವೃತ್ತಿಗೆ ಗುಡ್, ಕೆಟ್ಟದ್ದಕ್ಕೆ ಬ್ಯಾಡ್ ಅಂತ ಹೇಳಿ. ಉಳಿದದ್ದನ್ನು ಗಿಟ್ ನೋಡಿಕೊಳ್ಳುತ್ತದೆ. ಎರಡು ಬಿಡುಗಡೆಗಳ ನಡುವೆ 15 ಸಾವಿರ ಕಮಿಟ್ ಇದ್ದರೂ ಪ್ರತಿ ಸಲ ಅರ್ಧ ಕಳೆಯುವುದರಿಂದ 14 ಸುತ್ತು ಸಾಕು. ಬಿಲ್ಡ್ ಆಗದಿದ್ದರೆ ಸ್ಕಿಪ್ ಮಾಡಿ. ಕಾನ್ಫಿಗ್ ಫೈಲಿನ (ಕರ್ನಲ್‌ನಲ್ಲಿ ಏನೇನು ಇರಬೇಕೆಂಬ ಆಯ್ಕೆಗಳ ಪಟ್ಟಿ) ಒಂದು ಪ್ರತಿ ಬೇರೆ ಕಡೆ ಇಟ್ಟುಕೊಂಡು ಪ್ರತಿ ಸುತ್ತಿಗೂ ಅದನ್ನೇ ಹೊಸದಾಗಿ ಹಾಕಿ. ಇಲ್ಲದಿದ್ದರೆ ಹಳೆಯ ಕಮಿಟ್‌ಗೆ ಹೋದಾಗ ಬಿದ್ದುಹೋದ ಆಯ್ಕೆ ಮುಂದೆ ಬಂದಾಗ ತಾನಾಗಿ ವಾಪಸ್ ಬರುವುದಿಲ್ಲ.

ಸಮಯ ಉಳಿಸಲು ಡ್ರೈವರ್ಸ್ ಫೋಲ್ಡರಿನ ಎಂಟಿಡಿ (ಫ್ಲ್ಯಾಶ್ ಡ್ರೈವರ್‌ಗಳು ಇರುವ) ಭಾಗದ ಕಮಿಟ್ ಮಾತ್ರ ಹುಡುಕುವ ಅಡ್ಡದಾರಿ ಇದೆ. ಅದು ಬೇಡ. ಫ್ಲ್ಯಾಶ್ ಕೆಡಿಸುವುದು ಕ್ಲಾಕ್, ಡಿಎಂಎ (ಸಿಪಿಯು ಇಲ್ಲದೆ ಡೇಟಾ ಸಾಗಿಸುವ ಭಾಗ), ಪಿನ್ ಸೆಟ್ಟಿಂಗ್ ಯಾವುದೂ ಆಗಿರಬಹುದು. ಒಂದಷ್ಟು ಸುತ್ತು ಜಾಸ್ತಿಯಾದರೂ ಪೂರ್ತಿ ಹುಡುಕಿ.

ಎಲ್ಲರೂ ಎಡವುವುದು ಇಲ್ಲಿ

ಫ್ಲ್ಯಾಶ್‌ಗೆ ನೆನಪಿದೆ. ಕೆಟ್ಟ ಕರ್ನಲ್ ಒಮ್ಮೆ ಮಾಡಿದ ಗಾಯ ಮುಂದಿನ ಬೂಟ್‌ಗೂ ಉಳಿಯುತ್ತದೆ. ಆಮೇಲೆ ಒಳ್ಳೆಯ ಕರ್ನಲ್ ಹಾಕಿದರೂ ಎರರ್ ಬರುತ್ತದೆ, ನೀವು ಅದಕ್ಕೂ ಬ್ಯಾಡ್ ಅನ್ನುತ್ತೀರಿ. ಅಲ್ಲಿಂದ ಮುಂದೆ ಬೈಸೆಕ್ಟ್ ದಾರಿ ತಪ್ಪಿದ ಹಾಗೆಯೇ.

ನಮ್ಮ ಚಿಪ್‌ನಲ್ಲಿ ಆದದ್ದು ಹೀಗೆ. 128 ಎಂಬಿ, 1024 ಬ್ಲಾಕ್ (ಒಂದೇ ಸಲಕ್ಕೆ ಅಳಿಸುವ ತುಂಡು), ಪ್ರತಿ ಬ್ಲಾಕಿಗೆ 64 ಪುಟ. ಯಾವ ಬ್ಲಾಕ್ ಕೆಟ್ಟಿದೆ ಅನ್ನುವ ಪಟ್ಟಿಯನ್ನು ಕರ್ನಲ್ ಚಿಪ್ಪಿನ ಕೊನೆಯ ಬ್ಲಾಕ್‌ಗಳಲ್ಲಿ ಇಡುತ್ತದೆ. ಗುರುತಿಗೆ ಬಿ, ಬಿ, ಟಿ, ಸೊನ್ನೆ ಅಂತ ನಾಲ್ಕು ಅಕ್ಷರ. ಹೊಸ ಕರ್ನಲ್ ಆ ನಾಲ್ಕು ಅಕ್ಷರವನ್ನು ತಪ್ಪಾಗಿ ಓದಿತು, ಪಟ್ಟಿಯೇ ಇಲ್ಲ ಅಂದುಕೊಂಡಿತು. ಚಿಪ್ ಪೂರ್ತಿ ಜಾಲಾಡಿ, ಆಗಲೂ ತಪ್ಪು ಓದಿ, ಚೆನ್ನಾಗಿದ್ದ ಬ್ಲಾಕ್‌ಗಳನ್ನೂ ಕೆಟ್ಟವೆಂದು ಸೇರಿಸಿ ಹೊಸ ಪಟ್ಟಿ ಬರೆಯಿತು. ಮುಂದಿನ ಸುತ್ತಿನ ಒಳ್ಳೆಯ ಕರ್ನಲ್ ಆ ಸುಳ್ಳು ಪಟ್ಟಿಯನ್ನೇ ನಂಬಿತು.

ಹಾಗಾಗಿ ಪ್ರತಿ ಸುತ್ತಿಗೂ ಮುಂಚೆ, ಖಂಡಿತ ಸರಿ ಇದೆ ಅಂತ ಗೊತ್ತಿರುವ ಕರ್ನಲ್‌ನಿಂದ ಬೂಟ್ ಮಾಡಿ. ಕೆಟ್ಟ ಬ್ಲಾಕ್‌ಗಳನ್ನು ಎಣಿಸಿ. ಮೊದಲ ದಿನ 3 ಇದ್ದರೆ ಈಗಲೂ 3 ಇರಬೇಕು. ಜಾಸ್ತಿಯಾಗಿದ್ದರೆ ಪಟ್ಟಿ ಇರುವ ಬ್ಲಾಕ್‌ಗಳನ್ನು ಮಾತ್ರ ಅಳಿಸಿ ಮತ್ತೆ ಬೂಟ್ ಮಾಡಿದರೆ ಆ ಕರ್ನಲ್ ಸರಿಯಾದ ಪಟ್ಟಿ ಬರೆಯುತ್ತದೆ. ಆಮೇಲೆ ಪರೀಕ್ಷೆಯ ಡೇಟಾ ಹೊಸದಾಗಿ ಬರೆಯಿರಿ. ಬೇಗ ಮುಗಿಯಲಿ ಅಂತ ಯೂಬೂಟ್‌ನಲ್ಲಿ (ಕರ್ನಲ್‌ಗಿಂತ ಮೊದಲು ಓಡುವ ಬೂಟ್‌ಲೋಡರ್) ಚಿಪ್ಪಿಗೆಲ್ಲ ನ್ಯಾಂಡ್ ಸ್ಕ್ರಬ್ ಕಮಾಂಡ್ ಕೊಡಬೇಡಿ. ಕಾರ್ಖಾನೆಯಲ್ಲಿ ಹಾಕಿದ ಕೆಟ್ಟ ಬ್ಲಾಕ್ ಗುರುತೂ ಅಳಿಸಿಹೋಗುತ್ತದೆ, ಅದನ್ನು ವಾಪಸ್ ತರಲು ಆಗುವುದಿಲ್ಲ.

ಇನ್ನೊಂದು ವಿಷಯ, ಒಂದು ಸಲ ಸರಿಯಾಗಿ ಬೂಟ್ ಆಯಿತೆಂದು ಗುಡ್ ಅನ್ನಬೇಡಿ. ಐದಕ್ಕೆ ಒಂದು ಸಲ ಕೈಕೊಡುವ ದೋಷವಾದರೆ, ಕೆಟ್ಟ ಕರ್ನಲ್ ಕೂಡ ಸತತ 10 ಸಲ ಪಾಸಾಗುವ ಸಾಧ್ಯತೆ ನೂರಕ್ಕೆ 10ಕ್ಕಿಂತ ಜಾಸ್ತಿ. 20 ಸಲ ಮಾಡಿದರೆ ಅದು ನೂರಕ್ಕೆ 1ರ ಆಸುಪಾಸಿಗೆ ಇಳಿಯುತ್ತದೆ. 14 ಸುತ್ತಿನಲ್ಲಿ ಒಂದು ಉತ್ತರ ತಪ್ಪಿದರೂ ಉಳಿದ ಶ್ರಮವೆಲ್ಲ ನೀರುಪಾಲು. ಬ್ಯಾಡ್ ಅನ್ನಲು ಒಂದೇ ಸಲ ಕೆಟ್ಟರೆ ಸಾಕು, ಗುಡ್ ಅನ್ನಲು 20 ಸಲ ಬೇಕು. ರಿಲೇ ಹಾಕಿ ಪವರ್ ತೆಗೆದು ಕೊಡುವ ಸ್ಕ್ರಿಪ್ಟ್ ಬರೆದುಕೊಳ್ಳಿ, ರಾತ್ರಿಯೆಲ್ಲ ಅದು ಓಡಲಿ.

ಎರರ್ ನಂಬರ್ ಕೂಡ ಓದಲು ಕಲಿಯಬೇಕು. ಮೈನಸ್ 117 ಬಂದರೆ ಅದಲುಬದಲಾದ ಬಿಟ್‌ಗಳನ್ನು ಇಸಿಸಿ (ತಪ್ಪು ತಿದ್ದುವ ಕೋಡ್) ಸರಿಮಾಡಿದೆ, ಡೇಟಾ ಸುರಕ್ಷಿತ. ಮೈನಸ್ 74 ಬಂದರೆ ಸರಿಮಾಡಲು ಆಗಲಿಲ್ಲ ಅಂತ ಅರ್ಥ. ನಾನು 74ಕ್ಕೆ ಮಾತ್ರ ಬ್ಯಾಡ್ ಅನ್ನುತ್ತೇನೆ, 117 ಎಷ್ಟು ಬಂತು ಅಂತ ಪುಸ್ತಕದಲ್ಲಿ ಬರೆದಿಡುತ್ತೇನೆ.

ಕಮಿಟ್ ಸಿಕ್ಕ ಮೇಲೆ

ಇತ್ತೀಚಿನ ಕರ್ನಲ್ ತೆಗೆದುಕೊಂಡು ಆ ಒಂದು ಕಮಿಟ್ ಮಾತ್ರ ರಿವರ್ಟ್ ಮಾಡಿ (ಹಿಂದಕ್ಕೆ ತೆಗೆದು) ಪರೀಕ್ಷಿಸಿ. ತೊಂದರೆ ಹೋಗದಿದ್ದರೆ ಸಿಕ್ಕಿದ್ದನ್ನು ನಂಬಬೇಡಿ. ಹೋದರೆ ಕಮಿಟ್ ಹ್ಯಾಶ್‌ನ (ಕಮಿಟ್‌ನ ಗುರುತಿನ ಸಂಖ್ಯೆ) ಮೊದಲ 12 ಅಕ್ಷರ, ಒಳ್ಳೆಯ ಮತ್ತು ಕೆಟ್ಟ ಬೂಟ್‌ಗಳ ಪೂರ್ತಿ ಲಾಗ್, ಬೈಸೆಕ್ಟ್ ಲಾಗ್, ಚಿಪ್ಪಿನ ಹೆಸರು ಇಷ್ಟನ್ನೂ ಸೇರಿಸಿ, ಆ ಕೋಡ್ ನೋಡಿಕೊಳ್ಳುವ ಮೇಂಟೇನರ್‌ಗೆ ಬರೆಯಿರಿ.

ಸೌಂಡ್ ಕಾರ್ಡ್ ಕಮಿಟ್ ಹಿಡಿದಿದ್ದ ಗೆಳೆಯರು ಹೀಗೇ ಮತ್ತೆ ಮೊದಲಿನಿಂದ ಕೂತರು. ಈ ಸಲ ಸಿಕ್ಕಿದ್ದು ಕ್ಲಾಕ್ ಡ್ರೈವರ್‌ನ ಎರಡು ಸಾಲು. ಫ್ಲ್ಯಾಶ್ ಕಂಟ್ರೋಲರ್‌ಗೆ ಹೋಗುವ ಕ್ಲಾಕ್‌ನ ವೇಗ ಜಾಸ್ತಿಯಾಗಿತ್ತು. ರಿವರ್ಟ್ ಮಾಡಿ 20 ಸಲ ಬೂಟ್ ಮಾಡಿಸಿದೆವು. 20 ಸಲವೂ ಲಾಗ್‌ನಲ್ಲಿ ಅದೇ ಸಾಲು: ಕೆಟ್ಟ ಬ್ಲಾಕ್‌ಗಳ ಪಟ್ಟಿ ಪುಟ 65472ರಲ್ಲಿ ಸಿಕ್ಕಿದೆ.